ಅಂಟುಪಟ್ಟಿಯೂ ಅಂಗನೋವೂ

(ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.)

ಆಟದ ಬಯಲಿನಲ್ಲಿ ಒಮ್ಮೆಯಾದರೂ ಕಾಲು ಉಳುಕಿಸಿಕೊಳ್ಳದ ಬಾಲಕನೂ, ದಿನದ ದುಡಿಮೆ ಮುಗಿಸಿ ಬಂದು ಸೊಂಟಕ್ಕೆ ಕೈಯಿಟ್ಟು ಕುಳಿತುಕೊಳ್ಳದ ಹಿರಿಯರೂ ನಮ್ಮ ಕಾಸರಗೋಡಿನ ಊರುಗಳಲ್ಲಿ ವಿರಳ. ಅಡಿಕೆಯ ಮರವನ್ನೇರುವವರ ಭುಜ, ಬೀಡಿ ಸುರುಟುವ ತಾಯಂದಿರ ಕುತ್ತಿಗೆ, ಬಾಗಿ ನೇಜಿ ನೆಡುವವರ ಬೆನ್ನು, ಕಬಡ್ಡಿಯಾಡುವ ಹುಡುಗರ ಕಾಲಗಂಟು - ಇವೆಲ್ಲವೂ ನೋವಿಗೆ ಪರಿಚಿತವಾದ ಮನೆಗಳು. ನೋವು ಬಂದಾಗ ನಮ್ಮ ಹಿರಿಯರು ಎಣ್ಣೆ ಕಾಯಿಸಿ ತಿಕ್ಕಿದರು, ಬಿಸಿನೀರು ಹೊಯ್ದರು, ಬಟ್ಟೆಯನ್ನು ಬಿಗಿದು ಕಟ್ಟಿದರು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಹೊಸದೊಂದು ಉಪಚಾರ ಬಂದು ಸೇರಿದೆ. ಅದೇ ಹಿಗ್ಗುವ ಅಂಟುಪಟ್ಟಿ. ಅಂಗಡಿಯವರ ಮಾತಿನಲ್ಲಿ ಕಿನೀಸಿಯಾಲಜಿ ಟೇಪ್.

ಟೆಲಿವಿಷನ್ನಿನಲ್ಲಿ ಕಬಡ್ಡಿ ಪಂದ್ಯಗಳನ್ನು ನೋಡುವ ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಲ್ಲ. ಆಟಗಾರರ ಮೊಣಕಾಲು, ಭುಜ, ಮೀನಖಂಡಗಳ ಮೇಲೆ ನೀಲಿ, ಕಪ್ಪು, ಗುಲಾಬಿ ಬಣ್ಣದ ಪಟ್ಟಿಗಳು ಎದ್ದು ಕಾಣುತ್ತವೆ. "ಸರ್, ಅದನ್ನು ಅಂಟಿಸಿಕೊಂಡರೆ ಶಕ್ತಿ ಬರುವುದೆ?" ಎಂದು ಏಳನೆಯ ತರಗತಿಯ ಬಾಲಕನೊಬ್ಬನು ನನ್ನನ್ನು ಕೇಳಿದನು. "ನನ್ನ ಸೊಂಟಕ್ಕೆ ಅದು ಆಗುವುದೆ?" ಎಂದು ಒಬ್ಬ ತಾಯಿಯೂ ಕೇಳಿದರು. ಈ ಎರಡು ಪ್ರಶ್ನೆಗಳಿಗೆ ಯಥಾರ್ಥವಾದ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ. ಇದನ್ನು ಬರೆಯುವುದಕ್ಕೆ ನನಗೆ ಮತ್ತೊಂದು ಕಾರಣವೂ ಇದೆ. ಅದು ನನ್ನದೇ ಒಂದು ತಪ್ಪು. ಅದನ್ನು ಮುಂದೆ ಅದರ ಸ್ಥಳದಲ್ಲಿ ನಿವೇದಿಸುವೆನು.

೧. ಪಟ್ಟಿಯ ಸ್ವರೂಪ

ರಬ್ಬರನ್ನು ಎಳೆದರೆ ಅದು ಉದ್ದವಾಗುತ್ತದೆ. ಬಿಟ್ಟೊಡನೆ ಮೊದಲಿನ ಅಳತೆಗೆ ಮರಳುತ್ತದೆ. ಈ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು ಎಂಬುದನ್ನು ವಿಜ್ಞಾನದ ಪಾಠದಲ್ಲಿ ನೀವು ಓದಿರುವಿರಿ. ನಾವು ಹೇಳುತ್ತಿರುವ ಪಟ್ಟಿಯು ಈ ಗುಣವುಳ್ಳ ಬಟ್ಟೆ. ಅದರ ನೆಯ್ಗೆಯಲ್ಲಿ ಹತ್ತಿಯ ನೂಲೂ ಹಿಗ್ಗುವ ನೂಲೂ ಸೇರಿರುತ್ತವೆ. ಒಂದು ಬದಿಗೆ ಅಕ್ರಿಲಿಕ್ ಎಂಬ ಅಂಟನ್ನು ಅಲೆಅಲೆಯಾಗಿ ಲೇಪಿಸಿ, ಮೇಲೆ ಕಾಗದವನ್ನು ಹೊದಿಸಿರುತ್ತಾರೆ. ಅಲೆಗಳ ನಡುವೆ ಅಂಟಿಲ್ಲದ ಎಡೆಯಿರುವುದರಿಂದ ಬೆವರು ಆರುವುದಕ್ಕೆ ಅವಕಾಶವಿದೆ. ಮೈಯ ಬಿಸುಪು ತಾಗಿದಷ್ಟೂ ಈ ಅಂಟು ಚೆನ್ನಾಗಿ ಹಿಡಿಯುತ್ತದೆ. ಇದರಲ್ಲಿ ಔಷಧವೇನೂ ಇಲ್ಲ. ಈ ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪಟ್ಟಿಯು ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಅಗಲಕ್ಕೆ ಹಿಗ್ಗುವುದಿಲ್ಲ. ತನ್ನ ಮೂಲ ಉದ್ದಕ್ಕಿಂತ ಶೇಕಡಾ ೪೦ರಷ್ಟು, ಕೆಲವು ಜಾತಿಯವು ಅದಕ್ಕೂ ಹೆಚ್ಚು ಹಿಗ್ಗಬಲ್ಲವು. ಸಾಮಾನ್ಯವಾಗಿ ಸಿಕ್ಕುವ ಸುರುಳಿಯ ಅಗಲ ೫ ಸೆಂಟಿಮೀಟರು, ಉದ್ದ ೫ ಮೀಟರು. ನೀಲಿಯದಕ್ಕೊಂದು ಗುಣ, ಕೆಂಪಿನದಕ್ಕೊಂದು ಗುಣ ಎಂಬುದಿಲ್ಲ. ಬಣ್ಣವು ಕಣ್ಣಿಗೆ ಮಾತ್ರ.

ಇದನ್ನು ಬೇರೆ ಎರಡು ಪಟ್ಟಿಗಳೊಂದಿಗೆ ಬೆರಸಬಾರದು. ಒಂದು, ಹಿಗ್ಗದೆ ಬಿಗಿಯಾಗಿ ನಿಲ್ಲುವ ಬಿಳಿಯ ಪ್ಲಾಸ್ಟರು. ಅದು ಕೀಲಿನ ಚಲನೆಯನ್ನೇ ತಡೆಯುತ್ತದೆ. ಇನ್ನೊಂದು, ಅಂಟಿಲ್ಲದ ಕ್ರೇಪ್ ಬ್ಯಾಂಡೇಜು. ಅದನ್ನು ಅಂಗದ ಸುತ್ತಲೂ ಸುತ್ತಿ, ಒತ್ತಡದಿಂದ ಬಾವನ್ನು ತಗ್ಗಿಸಲು ಬಳಸುತ್ತಾರೆ. ಹಿಗ್ಗುವ ಅಂಟುಪಟ್ಟಿಯಾದರೋ ಚಲನೆಯನ್ನು ತಡೆಯುವುದೂ ಇಲ್ಲ, ಅಂಗವನ್ನು ಒತ್ತುವುದೂ ಇಲ್ಲ. ಚರ್ಮದ ಮೇಲೆ ಕುಳಿತು ಚರ್ಮದೊಡನೆ ತಾನೂ ಹಿಗ್ಗಿ ಕುಗ್ಗುತ್ತದೆ.

೨. ಹುಟ್ಟು ಮತ್ತು ಪ್ರಸಿದ್ಧಿ

ಈ ಪಟ್ಟಿಯನ್ನು ೧೯೭೦ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ ಎಂಬವರು. ಕೈಯಿಂದ ಒತ್ತಿ, ತಿದ್ದಿ, ಕೀಲು ಮತ್ತು ಬೆನ್ನೆಲುಬಿನ ನೋವನ್ನು ಉಪಚರಿಸುವ ಕೈರೊಪ್ರಾಕ್ಟಿಕ್ ಎಂಬ ಪದ್ಧತಿಯಲ್ಲಿ ಅವರು ಶಿಕ್ಷಿತರು. ಆವರೆಗೆ ಬಳಕೆಯಲ್ಲಿದ್ದ ಗಟ್ಟಿ ಪ್ಲಾಸ್ಟರು ಕೀಲಿಗೆ ಆಸರೆಯನ್ನು ಕೊಟ್ಟರೂ ಚಲನೆಯನ್ನು ಕಟ್ಟಿಹಾಕುತ್ತಿತ್ತು. ಚಲನೆಗೆ ಭಂಗವಿಲ್ಲದಂತೆ ಆಸರೆ ಕೊಡುವ, ಚರ್ಮದಂತೆಯೇ ಹಿಗ್ಗುವ ಪಟ್ಟಿಯೊಂದು ಬೇಕೆಂಬುದು ಅವರ ಯೋಚನೆ.

ಲೋಕಕ್ಕೆ ಇದರ ಪರಿಚಯವನ್ನು ಮಾಡಿಕೊಟ್ಟದ್ದು ಒಲಿಂಪಿಕ್ ಕ್ರೀಡಾಕೂಟ. ೨೦೦೮ರಲ್ಲಿ ಬೀಜಿಂಗಿನಲ್ಲಿ ನಡೆದ ಕೂಟದ ಸಂದರ್ಭದಲ್ಲಿ ೫೮ ದೇಶಗಳ ಕ್ರೀಡಾಪಟುಗಳಿಗಾಗಿ ೫೦,೦೦೦ ಸುರುಳಿಗಳನ್ನು ತಯಾರಕರು ಉಚಿತವಾಗಿ ಹಂಚಿದರು. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಅವರು ಭುಜದ ಮೇಲೆ ಕಪ್ಪು ಪಟ್ಟಿಯನ್ನು ಅಂಟಿಸಿಕೊಂಡು ಆಡಿ ಚಿನ್ನದ ಪದಕವನ್ನು ಗೆದ್ದರು. ಆ ಭುಜದ ಚಿತ್ರ ಪ್ರಪಂಚವನ್ನೆಲ್ಲ ಸುತ್ತಿತು. ಪಟ್ಟಿಯ ಮಾರಾಟವೂ ಬೆಳೆಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಪದಕವನ್ನು ಗೆದ್ದವರು ಪಟ್ಟಿಯನ್ನು ಹಚ್ಚಿದ್ದರೆಂಬುದು ನಿಜ. ಪಟ್ಟಿಯಿಂದಲೇ ಪದಕ ಬಂದಿತೆ? ಸೋತವರಲ್ಲಿಯೂ ಪಟ್ಟಿ ಹಚ್ಚಿದವರಿದ್ದರಲ್ಲವೆ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಕೂಡದು. ಕೋಳಿ ಕೂಗುವುದರಿಂದ ಬೆಳಗಾಗುವುದಿಲ್ಲ.

೩. ನೋವೂ ಸ್ಪರ್ಶವೂ

ಪಟ್ಟಿಯು ಚರ್ಮವನ್ನು ಸೂಕ್ಷ್ಮವಾಗಿ ಮೇಲಕ್ಕೆತ್ತುತ್ತದೆ, ಅದರಿಂದ ಚರ್ಮದ ಕೆಳಗೆ ರಕ್ತವೂ ದುಗ್ಧರಸವೂ ಸರಾಗವಾಗಿ ಹರಿಯುತ್ತವೆ, ಹೀಗೆ ಬಾವೂ ನೋವೂ ತಗ್ಗುತ್ತವೆ ಎಂಬುದು ಇದನ್ನು ರೂಪಿಸಿದವರ ವಾದ. ಕೇಳುವುದಕ್ಕೆ ಯುಕ್ತವಾಗಿ ತೋರಿದರೂ ಈ ವಾದಕ್ಕೆ ದೃಢವಾದ ಪ್ರಮಾಣ ದೊರೆತಿಲ್ಲ. ಆದರೂ ಪಟ್ಟಿ ಹಚ್ಚಿಕೊಂಡ ಅನೇಕರು ನೋವು ಕಡಿಮೆಯಾಯಿತೆಂದು ಹೇಳುತ್ತಾರೆ. ಅವರೆಲ್ಲರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಇದಕ್ಕೆ ಕಾರಣವೇನು?

ಮಗುವು ಓಡಿಬಂದು ಬಾಗಿಲಿಗೆ ಹಣೆ ತಾಗಿಸಿಕೊಂಡಿತೆಂದು ಭಾವಿಸಿರಿ. ತಾಯಿ ಮೊದಲು ಮಾಡುವ ಕೆಲಸ ಯಾವುದು? ಪೆಟ್ಟಾದ ಕಡೆಯನ್ನು ಅಂಗೈಯಿಂದ ಸವರುವುದು. ಸವರಿದೊಡನೆ ಅಳು ತಗ್ಗುತ್ತದೆ. ಯಾವ ಶಾಸ್ತ್ರವನ್ನೂ ಓದದ ತಾಯಿಯ ಈ ಕೈಗೆ ಕಾರಣವನ್ನು ಹೇಳಿದವರು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು. ೧೯೬೫ರಲ್ಲಿ ಅವರು ಪ್ರತಿಪಾದಿಸಿದ ತತ್ತ್ವವನ್ನು ದ್ವಾರನಿಯಂತ್ರಣ ಸಿದ್ಧಾಂತವೆಂದು ಕರೆಯಬಹುದು.

ಅದರ ಸಾರಾಂಶ ಇಷ್ಟು: ನೋವಿನ ಸುದ್ದಿಯನ್ನು ಸಣ್ಣ ನರತಂತುಗಳು ಬೆನ್ನುಹುರಿಗೆ ಒಯ್ಯುತ್ತವೆ. ಸ್ಪರ್ಶದ ಸುದ್ದಿಯನ್ನು ದಪ್ಪ ನರತಂತುಗಳು ಒಯ್ಯುತ್ತವೆ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆಯೆಂದು ಊಹಿಸಿಕೊಳ್ಳಿರಿ. ಸ್ಪರ್ಶದ ಸುದ್ದಿ ಹೆಚ್ಚಾಗಿ ಬಂದಾಗ ಆ ಬಾಗಿಲು ನೋವಿನ ಸುದ್ದಿಗೆ ಅರ್ಧ ಮುಚ್ಚಿಕೊಳ್ಳುತ್ತದೆ. ಮಿದುಳಿಗೆ ಮುಟ್ಟುವ ನೋವು ಕಡಿಮೆಯಾಗುತ್ತದೆ. ಈ ಸಿದ್ಧಾಂತದ ವಿವರಗಳನ್ನು ಅನಂತರದ ಸಂಶೋಧನೆ ತಿದ್ದಿದ್ದರೂ ಮುಖ್ಯ ವಿಚಾರವು ಉಳಿದುಬಂದಿದೆ. ಹಿಗ್ಗುವ ಪಟ್ಟಿಯು ನಾವು ಅಲುಗಿದಾಗಲೆಲ್ಲ ಚರ್ಮವನ್ನು ನಯವಾಗಿ ಎಳೆಯುತ್ತದೆ. ಅದು ದಿನವಿಡೀ ಸವರುವ ಕೈಯಂತೆ ಕೆಲಸ ಮಾಡುತ್ತಿರಬಹುದು. ಇದರೊಡನೆ "ನನಗೆ ಉಪಚಾರವಾಗಿದೆ" ಎಂಬ ವಿಶ್ವಾಸವೂ ಸೇರುತ್ತದೆ. ವಿಶ್ವಾಸವು ನೋವನ್ನು ತಗ್ಗಿಸುವುದೆಂಬುದು ವೈದ್ಯಶಾಸ್ತ್ರಕ್ಕೆ ಹೊಸ ಮಾತಲ್ಲ.

ಆದರೆ ಗಮನಿಸಿರಿ: ತಾಯಿ ಸವರಿದಾಗ ತಗ್ಗುವುದು ನೋವು, ಹಣೆಯ ಗಾಯವಲ್ಲ. ಈ ಭೇದವೇ ನಮ್ಮ ಇಂದಿನ ಪಾಠದ ತಿರುಳು.

೪. ಪರೀಕ್ಷೆಯ ಒರೆಗಲ್ಲು

"ಶಕ್ತಿ ಬರುವುದೆ?" ಎಂದು ಕೇಳಿದ ಬಾಲಕನಿಗೆ ಹಾಂಗ್‌ಕಾಂಗಿನಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪ್ರಯೋಗವೇ ಉತ್ತರ. ಸಂಶೋಧಕರು ೩೦ ಮಂದಿ ಆರೋಗ್ಯವಂತರನ್ನು ಕರೆದರು. ಇಂಥ ಪಟ್ಟಿಯ ಪರಿಚಯವಿಲ್ಲದವರನ್ನೇ ಆರಿಸಿಕೊಂಡಿದ್ದರು. ಪಟ್ಟಿಯನ್ನು ಹಚ್ಚುವಾಗ, ಇದು ಸ್ನಾಯುವಿನ ಕೆಲಸವನ್ನು ಅಳೆಯುವ ಸಾಧನವೆಂದು ಅವರಿಗೆ ತಿಳಿಸಿದರು. ಒಮ್ಮೆ ಕ್ರಮವರಿತು ಹಚ್ಚಿ, ಒಮ್ಮೆ ತೋರಿಕೆಗೆ ಮಾತ್ರ ಹಚ್ಚಿ, ಒಮ್ಮೆ ಹಚ್ಚದೆಯೇ, ತೊಡೆಯ ಸ್ನಾಯುವಿನ ಬಲವನ್ನು ಯಂತ್ರದಿಂದ ಅಳೆದರು. ಮೂರು ಅಳತೆಗಳಲ್ಲಿಯೂ ಗಣ್ಯವಾದ ವ್ಯತ್ಯಾಸವಿರಲಿಲ್ಲ. ಬಲ ಬರುವುದೆಂಬ ನಂಬಿಕೆಯನ್ನು ಬದಿಗಿಟ್ಟಾಗ ಬಲವೇನೂ ಬರಲಿಲ್ಲ. ವಿದ್ಯಾರ್ಥಿಗಳೇ, ನ್ಯಾಯವಾದ ಪರೀಕ್ಷೆ ಎಂದರೆ ಹೇಗಿರಬೇಕೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ನೋವಿನ ವಿಷಯವೇನು? ೨೦೧೪ರಲ್ಲಿ ಸಂಶೋಧಕರು ೧೨ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ತೋರಿಕೆಯ ಪಟ್ಟಿಗಿಂತ ನಿಜವಾದ ಪಟ್ಟಿಯು ಹೆಚ್ಚೇನೂ ಅಲ್ಲ, ಅಥವಾ ಹೆಚ್ಚಾದರೂ ಆ ಹೆಚ್ಚಳ ಅತ್ಯಲ್ಪ ಎಂದು ಕಂಡಿತು. ೨೦೨೧ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯು ಭುಜದ ನೋವಿನ ಬಗ್ಗೆ ೨೩ ಪ್ರಯೋಗಗಳನ್ನು, ೧,೦೫೪ ಜನರ ಅನುಭವವನ್ನು ಪರಿಶೀಲಿಸಿತು. ಪಟ್ಟಿಯ ಗುಣ ಅನಿಶ್ಚಿತವೆಂದೇ ಅದರ ತೀರ್ಮಾನ.

ಹಾಗಾದರೆ ಇದು ಕೇವಲ ವಂಚನೆಯೆ? ಹಾಗೂ ಅಲ್ಲ. ಕೆಲವರಿಗೆ ಕೆಲವು ದಿನಗಳ ಮಟ್ಟಿಗೆ ನೋವು ಸ್ವಲ್ಪ ತಗ್ಗುತ್ತದೆ. ಹಾಗೆ ತಗ್ಗಿದ ಅವಧಿಯಲ್ಲಿ ಅವರು ಅಂಗವನ್ನು ಹೆದರದೆ ಅಲುಗಿಸಬಲ್ಲರು. ತಜ್ಞರು ಹೇಳಿಕೊಟ್ಟ ವ್ಯಾಯಾಮವನ್ನು ಮಾಡಬಲ್ಲರು. ಸ್ನಾಯುವಿನ ನೋವನ್ನು ನಿಜವಾಗಿ ಗುಣಪಡಿಸುವವು ಕಾಲ, ಹಿತವಾದ ವಿಶ್ರಾಂತಿ ಮತ್ತು ಕ್ರಮವಾದ ವ್ಯಾಯಾಮ. ಪಟ್ಟಿಯು ಅವಕ್ಕೆ ಬಾಗಿಲು ತೆರೆದುಕೊಡುವ ಸೇವಕ, ಮನೆಯ ಯಜಮಾನನಲ್ಲ.

೫. ಹಚ್ಚುವ ಕ್ರಮ

ಈ ಪರಿಮಿತಿಯನ್ನು ಅರಿತು ಬಳಸುವ ಹಿರಿಯರಿಗಾಗಿ ಕ್ರಮವನ್ನು ಹೇಳುತ್ತೇನೆ. ಮೊದಲ ಬಾರಿ ಫಿಸಿಯೋಥೆರಪಿ ಬಲ್ಲವರಿಂದ ಹಚ್ಚಿಸಿಕೊಂಡು ನೋಡಿ ಕಲಿಯುವುದು ಉತ್ತಮ.

ಮೊದಲು ಬೆರಳುದ್ದದ ತುಂಡೊಂದನ್ನು ಮುಂದೋಳಿನ ಒಳಬದಿಗೆ ಅಂಟಿಸಿ ಒಂದು ದಿನ ಬಿಡಬೇಕು. ತುರಿಕೆ, ಕೆಂಪು, ಗುಳ್ಳೆ ಕಂಡರೆ ಆ ಚರ್ಮಕ್ಕೆ ಈ ಅಂಟು ಆಗದೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಹಚ್ಚುವ ಜಾಗವನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒರಸಬೇಕು. ತೆಂಗಿನೆಣ್ಣೆಯ ಪಸೆ ಸ್ವಲ್ಪವಿದ್ದರೂ ಪಟ್ಟಿ ನಿಲ್ಲದು. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು; ಚೂಪಾದ ಮೂಲೆ ಬಟ್ಟೆಗೆ ಸಿಕ್ಕಿ ಬೇಗ ಏಳುತ್ತದೆ. ಪಟ್ಟಿಯ ಎರಡು ತುದಿಗಳನ್ನೂ ಮೂರು ನಾಲ್ಕು ಸೆಂಟಿಮೀಟರಿನಷ್ಟು ಎಳೆಯದೆಯೇ ಅಂಟಿಸಬೇಕು. ತುದಿಯನ್ನು ಎಳೆದು ಅಂಟಿಸಿದರೆ ಚರ್ಮ ಗುಳ್ಳೆಯೇಳುತ್ತದೆ.

ನಡುಭಾಗವನ್ನು ಎಷ್ಟು ಎಳೆಯಬೇಕು? ಇಲ್ಲಿ ನಿಮ್ಮ ಶೇಕಡಾ ಲೆಕ್ಕ ಉಪಯೋಗಕ್ಕೆ ಬರುತ್ತದೆ. ೧೦ ಸೆಂಟಿಮೀಟರಿನ ತುಂಡನ್ನು ೧೧ ಸೆಂಟಿಮೀಟರಿಗೆ ಎಳೆದರೆ ಹಿಗ್ಗು ಶೇಕಡಾ ೧೦, ೧೨.೫ ಸೆಂಟಿಮೀಟರಿಗೆ ಎಳೆದರೆ ಶೇಕಡಾ ೨೫. ಪಟ್ಟಿಯನ್ನು ಕಾಗದದ ಮೇಲೆ ಅಂಟಿಸುವಾಗಲೇ ಸ್ವಲ್ಪ ಎಳೆದಿರುತ್ತಾರೆ. ಸ್ನಾಯುನೋವಿಗೆ ಮನೆಯಲ್ಲಿ ಹಚ್ಚುವಾಗ ಅಷ್ಟೇ ಸಾಕು. ಹೆಚ್ಚು ಎಳೆದರೆ ಹೆಚ್ಚು ಗುಣವೆಂಬುದು ತಪ್ಪು ಕಲ್ಪನೆ.

ಒಂದು ಉದಾಹರಣೆ. ದಿನವಿಡೀ ಬಾಗಿ ಕೆಲಸ ಮಾಡಿ ಸೊಂಟದ ಸ್ನಾಯು ನೋಯುತ್ತಿದೆಯೆನ್ನೋಣ. ಸುಮಾರು ೨೦ ಸೆಂಟಿಮೀಟರಿನ ಎರಡು ತುಂಡುಗಳನ್ನು ಕತ್ತರಿಸಬೇಕು. ನೋವಿರುವವರು ನೇರವಾಗಿ ನಿಂತಿರುವಾಗ ಬೆನ್ನೆಲುಬಿನ ಬುಡದ ಬಳಿ, ಅದರ ಬಲಕ್ಕೊಂದು ಎಡಕ್ಕೊಂದು, ತುದಿಗಳನ್ನು ಅಂಟಿಸಬೇಕು. ಬಳಿಕ ಅವರು ತಾಳುವಷ್ಟು ಮುಂದಕ್ಕೆ ಬಾಗಬೇಕು. ಆಗ ಹಿಂದೆ ನಿಂತವರು ಕಾಗದವನ್ನು ಬಿಡಿಸುತ್ತ, ಬೆನ್ನೆಲುಬಿನ ಎರಡೂ ಬದಿಗಳಲ್ಲಿ ಪಟ್ಟಿಯನ್ನು ಮೇಲ್ಮುಖವಾಗಿ, ಎಳೆಯದೆ, ಹಾಸುತ್ತ ಹೋಗಬೇಕು. ಕೊನೆಗೆ ಅಂಗೈಯಿಂದ ಉಜ್ಜಿ ಬಿಸಿ ಮಾಡಬೇಕು. ನೇರವಾಗಿ ನಿಂತಾಗ ಪಟ್ಟಿಯಲ್ಲಿ ಸಣ್ಣ ನೆರಿಗೆಗಳು ಕಂಡರೆ ಹಚ್ಚಿದ್ದು ಸರಿಯಾಗಿದೆಯೆಂದು ತಿಳಿಯಬೇಕು.

ಹಚ್ಚಿ ಒಂದು ಗಂಟೆಯ ತನಕ ಬೆವರುವ ಕೆಲಸ ಬೇಡ. ಅನಂತರ ಸ್ನಾನ ಮಾಡಬಹುದು. ಪಟ್ಟಿಯನ್ನು ಉಜ್ಜದೆ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಮೂರರಿಂದ ಐದು ದಿನಗಳವರೆಗೆ ಇಡಬಹುದು. ತುರಿಸಿದರೆ ಅಥವಾ ನೋವು ಹೆಚ್ಚಿದರೆ ಆ ಕ್ಷಣವೇ ತೆಗೆಯಬೇಕು. ತೆಗೆಯುವಾಗ ಒಮ್ಮೆಗೇ ಕೀಳಬಾರದು. ಹಚ್ಚುವಾಗ ವಿಘ್ನವಾದ ತೆಂಗಿನೆಣ್ಣೆ ಈಗ ಮಿತ್ರನಾಗುತ್ತದೆ. ಎಣ್ಣೆಯನ್ನು ಸವರಿ ಸ್ವಲ್ಪ ಹೊತ್ತು ಬಿಟ್ಟು, ಚರ್ಮವನ್ನು ಒಂದು ಕೈಯಿಂದ ಒತ್ತಿಹಿಡಿದು, ರೋಮವು ಬೆಳೆದ ದಿಕ್ಕಿಗೆ ಮೆಲ್ಲನೆ ಬಿಡಿಸಬೇಕು.

ಗಾಯ, ಹುಣ್ಣು, ಸೋಂಕು ಇರುವ ಚರ್ಮದ ಮೇಲೂ ವೃದ್ಧರ ತೆಳುವಾದ ಚರ್ಮದ ಮೇಲೂ ಇದನ್ನು ಹಚ್ಚಕೂಡದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಅಂಗದ ಸುತ್ತ ಬಳೆಯಂತೆ ಪೂರ್ತಿ ಸುತ್ತುವುದು ಅಪಾಯ, ರಕ್ತಸಂಚಾರಕ್ಕೆ ತಡೆಯಾದೀತು.

೬. ನನ್ನ ಒಂದು ತಪ್ಪು

ಇನ್ನು ನಾನು ಮುಂದಿಟ್ಟ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಉಪಜಿಲ್ಲಾ ಕಬಡ್ಡಿ ಪಂದ್ಯಕ್ಕೆ ಎರಡು ದಿನಗಳಿರುವಾಗ, ನಮ್ಮ ತಂಡದ ಮುಖ್ಯ ಆಟಗಾರನಾಗಿದ್ದ ಹದಿಮೂರು ವರ್ಷದ ಹುಡುಗನು ಅಭ್ಯಾಸದಲ್ಲಿ ಕಾಲು ಹೊರಳಿಸಿಕೊಂಡನು. ಕುಂಟುತ್ತ ನನ್ನ ಕೊಠಡಿಗೆ ಬಂದನು. ಹೊರಗಿನ ಕಾಲಗಂಟು ಸ್ವಲ್ಪ ಊದಿತ್ತು. ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ತಂದುಕೊಟ್ಟಿದ್ದ ಅಂಟುಪಟ್ಟಿಯ ಸುರುಳಿ ಕ್ರೀಡಾ ಸಾಮಗ್ರಿಯ ಕಪಾಟಿನಲ್ಲಿತ್ತು. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ನಾನೇ ಪಟ್ಟಿಯನ್ನು ಹಚ್ಚಿದೆನು. ಮರುದಿನ ಕೇಳಿದಾಗ, "ನೋವು ಕಡಿಮೆ ಉಂಟು ಸರ್, ಆಡುತ್ತೇನೆ" ಎಂದನು. ನನಗೆ ಬೇಕಾಗಿದ್ದ ಉತ್ತರವೂ ಅದೇ. ನಮ್ಮ ಶಾಲೆ ಹಲವು ವರ್ಷಗಳ ಬಳಿಕ ಅಂತಿಮ ಸುತ್ತಿಗೆ ಹೋಗುವ ನಿರೀಕ್ಷೆಯಿತ್ತು.

ಅವನು ಆಡಿದನು. ಎರಡನೆಯ ಪಂದ್ಯದ ನಡುವೆ ಎದುರಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳುವಾಗ ಅದೇ ಕಾಲು ಮತ್ತೆ ಹೊರಳಿತು. ಈ ಬಾರಿ ಅವನು ಏಳಲಿಲ್ಲ. ಇಬ್ಬರು ಹೊತ್ತುಕೊಂಡು ಹೊರಗೆ ತಂದರು. ಮಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಕಾಲಿನ ಹೊರಬದಿಯ ಎಲುಬಿನ ತುದಿಯಲ್ಲಿ, ಬೆಳೆಯುವ ಭಾಗದ ಬಳಿಯೇ, ಸರಿತವಾಗಿತ್ತು. ಆರು ವಾರ ಕಾಲಿಗೆ ಪ್ಲಾಸ್ಟರು. ತೋಟದಲ್ಲಿ ದಿನಗೂಲಿ ಮಾಡುವ ಅವನ ತಂದೆಗೆ ಎಷ್ಟೋ ದಿನಗಳ ಕೂಲಿ ಹೋಯಿತು.

ಆಸ್ಪತ್ರೆಯ ಜಗಲಿಯಲ್ಲಿ ಅವರು ನನ್ನನ್ನು ದೂರಲಿಲ್ಲ. ಒಂದೇ ಮಾತು ಕೇಳಿದರು: "ಮಾಸ್ಟ್ರೇ, ಮೊದಲ ದಿನ ನೋವುಂಟೆಂದು ಅವನು ನಿಮ್ಮಲ್ಲಿ ಹೇಳಿದ್ದನೆ?" ಹೇಳಿದ್ದನೆಂದು ನಾನು ಒಪ್ಪಿಕೊಂಡೆನು. ಅವರು ತಲೆಯಾಡಿಸಿ ಸುಮ್ಮನಾದರು. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಅಷ್ಟು ಕಠಿನವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹುಡುಗನು ಹೇಳಿದ್ದನು, ಕೇಳಿಸಿಕೊಳ್ಳಬೇಕಾದವನು ನಾನು ಅವನ ಮಾತಿಗೆ ಅಂಟುಪಟ್ಟಿಯನ್ನು ಹಚ್ಚಿದೆನು. ದೈವಾನುಗ್ರಹದಿಂದ ಕಾಲು ಪೂರ್ಣವಾಗಿ ಗುಣವಾಯಿತು. ಮುಂದಿನ ವರ್ಷ ಅವನು ಪುನಃ ಆಡಿದನು. ಆದರೆ ಅದು ನನ್ನ ವಿವೇಕದಿಂದ ಆದುದಲ್ಲ.

೭. ಮಕ್ಕಳ ಎಲುಬಿನ ವಿಶೇಷ

ಅಂದು ವೈದ್ಯರು ನನಗೆ ತಿಳಿಸಿದ ವಿಷಯವನ್ನು ಪ್ರತಿಯೊಬ್ಬ ಪಾಲಕರೂ ತಿಳಿದಿರಬೇಕು. ಬೆಳೆಯುವ ಮಕ್ಕಳ ಉದ್ದನೆಯ ಎಲುಬುಗಳ ತುದಿಗಳ ಬಳಿ ಮೃದ್ವಸ್ಥಿಯ ಒಂದು ತೆಳುವಾದ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಅದನ್ನು ಬೆಳವಣಿಗೆಯ ಫಲಕವೆನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಸುಮಾರು ೧೩ರಿಂದ ೧೫, ಗಂಡುಮಕ್ಕಳಲ್ಲಿ ಸುಮಾರು ೧೫ರಿಂದ ೧೭ ವರ್ಷಗಳ ಹೊತ್ತಿಗೆ ಅದು ಗಟ್ಟಿಯಾಗಿ ಎಲುಬಿನೊಡನೆ ಒಂದಾಗುತ್ತದೆ. ಅಲ್ಲಿಯವರೆಗೆ ಎಲುಬನ್ನೂ ಎಲುಬನ್ನೂ ಬಿಗಿಯುವ ಅಸ್ಥಿರಜ್ಜುವಿಗಿಂತ ಈ ಫಲಕವೇ ದುರ್ಬಲವಾಗಿರುವುದುಂಟು. ಆದುದರಿಂದ ಹಿರಿಯರಿಗೆ ಬರಿಯ ಉಳುಕಾಗಿ ಮುಗಿಯುವ ಪೆಟ್ಟು ಮಕ್ಕಳಿಗೆ ಎಲುಬಿನ ಪೆಟ್ಟಾಗಬಹುದು. ಲಕ್ಷಿಸದೆ ಬಿಟ್ಟರೆ ಕೆಲವೊಮ್ಮೆ ಎಲುಬಿನ ಬೆಳವಣಿಗೆಗೇ ಕುಂದು ಬರಬಹುದು. "ಸಣ್ಣ ಮಕ್ಕಳ ಉಳುಕು ತಾನಾಗಿ ಹೋಗುತ್ತದೆ" ಎಂದು ತಿಕ್ಕಿ ಎಳೆಯುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯಬಹುದು.

೮. ನಾಲ್ಕು ಹೆಜ್ಜೆಯ ಪರೀಕ್ಷೆ

ಕಾಲಗಂಟಿಗೆ ಪೆಟ್ಟಾದಾಗ ಎಕ್ಸ್‌ರೇ ಬೇಕೇ ಬೇಡವೇ ಎಂದು ನಿರ್ಣಯಿಸಲು ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು ೧೯೯೨ರಲ್ಲಿ ಸರಳವಾದ ನಿಯಮಗಳನ್ನು ಪ್ರಕಟಿಸಿದರು. ಐದು ವರ್ಷ ಮೀರಿದ ಮಕ್ಕಳಲ್ಲಿಯೂ ಅವು ಉಪಯುಕ್ತವೆಂದು ಕಂಡುಬಂದಿದೆ. ಅವುಗಳಲ್ಲಿ ಎರಡನ್ನು ನಾವೂ ನೆನಪಿಡಬಹುದು.

ಒಂದು: ಪೆಟ್ಟಾದವನು ಆ ಕಾಲಿನ ಮೇಲೆ ಭಾರವಿಟ್ಟು ನಾಲ್ಕು ಹೆಜ್ಜೆ ನಡೆಯಬಲ್ಲನೆ? ಕುಂಟಿದರೂ ಚಿಂತೆಯಿಲ್ಲ, ಎರಡು ಕಾಲಿಗೂ ಎರಡೆರಡು ಬಾರಿ ಭಾರ ಬೀಳಬೇಕು. ಆಗದಿದ್ದರೆ ಆಸ್ಪತ್ರೆಗೆ ಹೋಗಬೇಕು. ಎರಡು: ಕಾಲಗಂಟಿನ ಒಳಗಿನ ಮತ್ತು ಹೊರಗಿನ ಉಬ್ಬೆಲುಬುಗಳ ಹಿಂದಣ ಅಂಚನ್ನು, ತುದಿಯಿಂದ ಮೇಲಕ್ಕೆ ೬ ಸೆಂಟಿಮೀಟರಿನವರೆಗೆ, ಬೆರಳಿನಿಂದ ಮೆಲ್ಲನೆ ಒತ್ತಿ ನೋಡಬೇಕು. ಎಲುಬಿನ ಮೇಲೆಯೇ ನೋವೆಂದರೆ ಆಗಲೂ ಹೋಗಬೇಕು. ಅಂದು ನನಗೆ ಈ ಎರಡು ನಿಯಮಗಳು ತಿಳಿದಿದ್ದರೆ ಸುರುಳಿಯು ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಈಗ ನಮ್ಮ ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಇವನ್ನು ಬರೆದು ಅಂಟಿಸಿದ್ದೇವೆ.

ವೈದ್ಯರಲ್ಲಿಗೆ ಒಯ್ಯುವವರೆಗೆ ಅಂಗಕ್ಕೆ ವಿಶ್ರಾಂತಿ ಕೊಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕು. ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಕು. ಮೊದಲ ಎರಡು ದಿನ ಬಿಸಿಶಾಖವೂ ತಿಕ್ಕುವುದೂ ಬೇಡ.

ಹಿರಿಯರೂ ಮಕ್ಕಳೂ ಪಟ್ಟಿಯನ್ನು ನಂಬಿ ಕಾಯಬಾರದ ಇನ್ನು ಕೆಲವು ನೋವುಗಳಿವೆ. ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಇರುವುದು. ಮಗುವು ರಾತ್ರಿ ನೋವಿನಿಂದ ಮತ್ತೆ ಮತ್ತೆ ಏಳುವುದು, ಅಥವಾ ಪೆಟ್ಟಿಲ್ಲದೆಯೇ ಕುಂಟುವುದು. ಕೈಕಾಲು ಮರಗಟ್ಟುವುದು, ಬಲಗುಂದುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಎಡಭುಜದ ನೋವಿನೊಡನೆ ಎದೆಯೊತ್ತಡ, ಬೆವರು, ಏದುಸಿರು ಕಂಡರೆ ಅದು ಹೃದಯದ ಕೂಗಿರಬಹುದು. ಇಂಥಲ್ಲಿ ಒಂದು ಗಳಿಗೆಯೂ ತಡಮಾಡಬಾರದು.

ಉಪಸಂಹಾರ

ನೋವು ದೇಹದ ದೂತ. ಎಲ್ಲಿಯೋ ಏನೋ ಕೆಟ್ಟಿದೆಯೆಂಬ ಸುದ್ದಿಯನ್ನು ಅವನು ಹೊತ್ತು ತರುತ್ತಾನೆ. ಸುದ್ದಿಯನ್ನು ಕೇಳಿ ತಕ್ಕದ್ದನ್ನು ಮಾಡಿದ ಮೇಲೆ ದೂತನಿಗೆ ಸ್ವಲ್ಪ ವಿಶ್ರಾಂತಿ ಕೊಡುವುದರಲ್ಲಿ ತಪ್ಪಿಲ್ಲ. ಅಂಟುಪಟ್ಟಿಯು ಅಷ್ಟನ್ನು ಮಾಡಬಲ್ಲದು. ಸುದ್ದಿಯನ್ನು ಕೇಳುವ ಮೊದಲೇ ದೂತನ ಬಾಯಿಗೆ ಪಟ್ಟಿ ಹಚ್ಚುವುದು ಅವಿವೇಕ.

ವಿದ್ಯಾರ್ಥಿಗಳೇ, ನೋವನ್ನು ಮುಚ್ಚಿಟ್ಟು ಆಡುವುದು ಧೈರ್ಯವಲ್ಲ. "ನನಗೆ ನೋವಿದೆ" ಎಂದು ಗುರುಗಳಲ್ಲಿ ಹೇಳುವುದಕ್ಕೇ ಹೆಚ್ಚು ಧೈರ್ಯ ಬೇಕು. ಪಾಲಕರೇ, ಮಗುವು ಹಾಗೆ ಹೇಳಿದಾಗ ಪರೀಕ್ಷೆಯಾಗಲಿ ಪಂದ್ಯವಾಗಲಿ ಮನೆಯ ಕೆಲಸವಾಗಲಿ ಅಡ್ಡ ಬರದಂತೆ ಕಿವಿಗೊಟ್ಟು ಕೇಳಿರಿ. ಕೆಲವು ನೂರು ರೂಪಾಯಿ ಕೊಟ್ಟು ಪಟ್ಟಿಯನ್ನು ಕೊಳ್ಳುವ ಮೊದಲು ಖರ್ಚಿಲ್ಲದ ನಾಲ್ಕು ಹೆಜ್ಜೆಗಳನ್ನು ನಡೆಸಿ ನೋಡಿರಿ.

ಅಭ್ಯಾಸ

೧. ಹಿಗ್ಗುವ ಅಂಟುಪಟ್ಟಿ, ಗಟ್ಟಿ ಪ್ಲಾಸ್ಟರು, ಕ್ರೇಪ್ ಬ್ಯಾಂಡೇಜು - ಇವುಗಳ ಭೇದವನ್ನು ತಿಳಿಸಿರಿ.

೨. ೨೦ ಸೆಂಟಿಮೀಟರಿನ ಪಟ್ಟಿಯನ್ನು ೨೩ ಸೆಂಟಿಮೀಟರಿಗೆ ಎಳೆದರೆ ಹಿಗ್ಗು ಶೇಕಡಾ ಎಷ್ಟು?

೩. ಹಾಂಗ್‌ಕಾಂಗಿನ ಪ್ರಯೋಗದಲ್ಲಿ ಪಟ್ಟಿಯ ಪರಿಚಯವಿಲ್ಲದವರನ್ನೇ ಆರಿಸಿಕೊಂಡ ಕಾರಣವೇನು?

೪. "ಕೋಳಿ ಕೂಗುವುದರಿಂದ ಬೆಳಗಾಗುವುದಿಲ್ಲ" - ಈ ಮಾತನ್ನು ಪಟ್ಟಿಯ ಪ್ರಸಿದ್ಧಿಗೆ ಅನ್ವಯಿಸಿ ವಿವರಿಸಿರಿ.

೫. ಬೆಳವಣಿಗೆಯ ಫಲಕವೆಂದರೇನು? ಮಕ್ಕಳ ಉಳುಕನ್ನು ತಿಕ್ಕಿ ಎಳೆಯಬಾರದೇಕೆ?

೬. ನಾಲ್ಕು ಹೆಜ್ಜೆಯ ಪರೀಕ್ಷೆಯನ್ನು ಮನೆಯಲ್ಲಿ ಹಿರಿಯರಿಗೆ ಓದಿ ತಿಳಿಸಿರಿ.